ಪ್ಲೂಟೊ, ಡೈನಾ ಮತ್ತು 1945ರ ‘ಕೆನೈನ್ ಕ್ಯಾಸನೋವಾ’: ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲ ಸಲ ನೋಡುವವರಿಗೆ

ಯುದ್ಧದ ಕಾಲದ್ದು, ಪ್ರೀತಿಯಲ್ಲಿ ಬಿದ್ದ ನಾಯಿಯ ಕಾರ್ಟೂನ್ ಅಂತಾರಲ್ಲ, ಅದು ಯಾವುದು?

ಡಿಸ್ನಿ ಸ್ಟುಡಿಯೊದ ‘ಕೆನೈನ್ ಕ್ಯಾಸನೋವಾ’. ಬಿಡುಗಡೆಯಾದದ್ದು 1945ರ ಜುಲೈ 27ರಂದು, ಹಂಚಿಕೆ ಆರ್‌ಕೆಓ ರೇಡಿಯೊ ಪಿಕ್ಚರ್ಸ್‌ನದು, ನಿರ್ದೇಶನ ಚಾರ್ಲ್ಸ್ ನಿಕೋಲ್ಸ್ ಅವರದು. ಟೆಕ್ನಿಕಲರ್ ಚಿತ್ರ, ಉದ್ದ ಸುಮಾರು 7 ನಿಮಿಷ. ಯುರೋಪಿನಲ್ಲಿ ಜರ್ಮನಿ ಮೇ 8ಕ್ಕೆ ಶರಣಾಗಿತ್ತು, ಜಪಾನ್ ಶರಣಾಗತಿ ಘೋಷಿಸಿದ್ದು ಆಗಸ್ಟ್ 15ಕ್ಕೆ. ಚಿತ್ರ ತೆರೆಕಂಡದ್ದು ಈ ಎರಡು ದಿನಗಳ ನಡುವೆ.

ಕಥೆ ಏನು? ಕೊನೆ ಮಾತ್ರ ಹೇಳಿಬಿಡಬೇಡಿ.

ಪ್ಲೂಟೊ ಡೈನಾ ಎಂಬ ಡ್ಯಾಶ್‌ಹೌಂಡ್ ಹೆಣ್ಣು ನಾಯಿಗೆ ಮರುಳಾಗುತ್ತಾನೆ. ಅವಳು ಮೂಗು ಮುರಿಯುತ್ತಾಳೆ. ಇವನು ಬೆನ್ನು ಬಿಡುವುದಿಲ್ಲ. ಅಷ್ಟರಲ್ಲಿ ನಾಯಿ ಹಿಡಿಯುವವನು ಅವಳನ್ನು ಹಿಡಿದು ದೊಡ್ಡಿಗೆ ಹಾಕುತ್ತಾನೆ, ಬಿಡಿಸಿಕೊಂಡು ಬರುವ ಹೊಣೆ ಪ್ಲೂಟೊನ ಮೇಲೆ ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಇಂಥ ಚಿತ್ರದಲ್ಲಿ ಕಥೆ ಒಂದು ಗೂಟ ಮಾತ್ರ. ನೋಡಬೇಕಾದ್ದು ಆ ನಾಯಿ ಯೋಚಿಸುವುದನ್ನು. ಆಸೆ, ಅವಮಾನ, ಹೊಸ ಉಪಾಯ, ಭಯ ಎಲ್ಲವೂ ಅವನ ಮುಖದ ಮೇಲೆ ಒಂದಾದ ಮೇಲೊಂದರಂತೆ ಹಾದುಹೋಗುತ್ತವೆ.

ಪ್ಲೂಟೊ ಮಿಕ್ಕಿಯ ನಾಯಿ ಅಲ್ವಾ? ಹಾಗಾದ್ರೆ ಇದರಲ್ಲಿ ಮಿಕ್ಕಿ ಯಾಕಿಲ್ಲ?

ಮಿಕ್ಕಿಯ ನಾಯಿಯೇ, ಆದರೆ ಹಾಗೆ ಶುರುವಾದವನಲ್ಲ. 1930ರ ‘ದ ಚೈನ್ ಗ್ಯಾಂಗ್’ನಲ್ಲಿ ತಪ್ಪಿಸಿಕೊಂಡ ಕೈದಿಯನ್ನು ಮೂಸಿ ಹುಡುಕುವ ಬ್ಲಡ್‌ಹೌಂಡ್‌ಗಳಿದ್ದವು, ಪ್ಲೂಟೊನ ಮೂಲ ಅಲ್ಲಿದೆ. ಅದೇ ವರ್ಷ ‘ದ ಪಿಕ್ನಿಕ್’ನಲ್ಲಿ ಅವನು ರೋವರ್ ಎಂಬ ಹೆಸರಿನ, ಮಿನ್ನಿ ಸಾಕಿದ ನಾಯಿ. ಪ್ಲೂಟೊ ಎಂಬ ಹೆಸರು, ಮಿಕ್ಕಿಯ ಒಡೆತನ ಎರಡೂ ಸಿಕ್ಕಿದ್ದು 1931ರ ‘ದ ಮೂಸ್ ಹಂಟ್’ನಲ್ಲಿ. 1937ರ ‘ಪ್ಲೂಟೋಸ್ ಕ್ವಿನ್-ಪಪ್ಲೆಟ್ಸ್’ನಿಂದ ಅವನ ಹೆಸರಿನಲ್ಲೇ ಪ್ರತ್ಯೇಕ ಸರಣಿ ಆರಂಭವಾಗಿ 1951ರವರೆಗೆ ನಡೆಯಿತು. ‘ಕೆನೈನ್ ಕ್ಯಾಸನೋವಾ’ ಆ ಸರಣಿಯದು.

ಮಿಕ್ಕಿ ಹೆಚ್ಚು ಹೆಚ್ಚು ಸಭ್ಯನಾದಂತೆ ಅವನಿಂದ ಎಡವಟ್ಟು ಮಾಡಿಸುವುದು ಕಥೆಗಾರರಿಗೆ ಕಷ್ಟವಾಯಿತು. ನಾಯಿಗೆ ಆ ತೊಂದರೆ ಇಲ್ಲ. ಹೊಟ್ಟೆಕಿಚ್ಚು ಪಡಬಹುದು, ಕದಿಯಬಹುದು, ಪ್ರೀತಿಗಾಗಿ ಮಾನ ಬಿಡಬಹುದು.

ಡೈನಾ ಯಾರು? ಅವಳಿಗಿಂತ ಮೊದಲು ಇನ್ನೊಬ್ಬಳು ಇದ್ದಳಲ್ಲ?

ಇದ್ದಳು, ಪೀಕಿಂಗೀಸ್ ತಳಿಯ ಫಿಫಿ. 1937ರ ಚಿತ್ರದಲ್ಲಿ ಅವಳೂ ಪ್ಲೂಟೊನೂ ಐದು ಮರಿಗಳ ಸಂಸಾರಸ್ಥರು. 1939ರ ‘ಸೊಸೈಟಿ ಡಾಗ್ ಶೋ’ದಲ್ಲಿ ಅವಳನ್ನು ಬೆಂಕಿಯಿಂದ ಕಾಪಾಡುತ್ತಾನೆ. ಡೈನಾ ಬಂದದ್ದು 1942ರ ಜುಲೈ 3ರ ‘ದ ಸ್ಲೀಪ್‌ವಾಕರ್’ನಲ್ಲಿ, ಅದರ ನಿರ್ದೇಶಕ ಕ್ಲೈಡ್ ಜೆರೊನಿಮಿ. ಅದರಲ್ಲಿ ನಿದ್ದೆಯಲ್ಲಿ ನಡೆಯುವ ಪ್ಲೂಟೊ ತನ್ನ ಮೂಳೆಯನ್ನು ತಾನೇ ಅವಳಿಗೆ ಕೊಟ್ಟುಬರುತ್ತಾನೆ, ಎಚ್ಚರವಾದಾಗ ಕಳ್ಳಿ ಅಂತ ಅವಳ ಮೇಲೆ ಹರಿಹಾಯುತ್ತಾನೆ. ‘ಕೆನೈನ್ ಕ್ಯಾಸನೋವಾ’ದ ನಂತರ ಅವಳು ‘ಇನ್ ಡಚ್’ (1946), ‘ಪ್ಲೂಟೋಸ್ ಹಾರ್ಟ್ ಥ್ರಾಬ್’ (1950), ‘ವಂಡರ್ ಡಾಗ್’ (1950) ಚಿತ್ರಗಳಲ್ಲೂ ಇದ್ದಾಳೆ.

ಫಿಫಿಗಿಂತ ಡೈನಾ ಚಿತ್ರಗಾರರಿಗೆ ಒದಗಿಬಂದ ಜೋಡಿ ಎಂಬುದು ನಮ್ಮ ಅಭಿಪ್ರಾಯ. ಪ್ಲೂಟೊ ಉದ್ದ ಕಾಲಿನ, ಅಡ್ಡಾದಿಡ್ಡಿ ಮೈಯವನು. ಡ್ಯಾಶ್‌ಹೌಂಡ್ ನೆಲಕ್ಕೆ ಅಂಟಿಕೊಂಡಂತಿರುವ ಉದ್ದ ಮೈಯವಳು. ಅವಳ ಜೊತೆ ಮಾತಾಡಬೇಕಾದರೆ ಅವನು ಬಗ್ಗಲೇಬೇಕು, ಮೊದಲ ನಗು ಅಲ್ಲೇ ಹುಟ್ಟುತ್ತದೆ.

ಗೂಫಿ ಮಾತಾಡ್ತಾನೆ, ಪ್ಲೂಟೊ ಯಾಕೆ ಮಾತಾಡಲ್ಲ?

‘ದ ಮೂಸ್ ಹಂಟ್’ನಲ್ಲಿ ಅವನು ಒಮ್ಮೆ ಮಾತಾಡಿದ್ದುಂಟು. ಆ ಪ್ರಯೋಗವನ್ನು ಮುಂದುವರಿಸಲಿಲ್ಲ. ಗೂಫಿ ಬಟ್ಟೆ ತೊಟ್ಟು ಎರಡು ಕಾಲಲ್ಲಿ ನಡೆಯುವ ಪಾತ್ರ, ಪ್ಲೂಟೊ ನಾಲ್ಕು ಕಾಲಿನ ಪ್ರಾಣಿ. ಅವನ ಬೊಗಳು, ಉಸಿರು, ಕುಂಯ್‌ಗುಟ್ಟುವಿಕೆಯ ದನಿಯನ್ನು ಬಹುಕಾಲ ಕೊಟ್ಟವರು ಪಿಂಟೊ ಕಾಲ್ವಿಗ್, ಗೂಫಿಯ ದನಿಯೂ ಅವರದೇ. ಮಾತಿಲ್ಲದ್ದರಿಂದ ಒಂದು ಲಾಭ ನಮಗೂ ಇದೆ: ಡಬ್ಬಿಂಗ್, ಸಬ್‌ಟೈಟಲ್ ಏನೂ ಬೇಡ. ಇಂಗ್ಲಿಷ್ ಬಾರದ ಅಜ್ಜಿಯೂ ಮೂರು ವರ್ಷದ ಮೊಮ್ಮಗುವೂ ಒಟ್ಟಿಗೆ ಕೂತು ನೋಡಬಹುದು.

ಇದೊಂದನ್ನೇ ನೋಡಿದರೆ ಸಾಕಾ, ಇನ್ನೂ ಏನಾದರೂ ನೋಡಬೇಕಾ?

ಮೂರು ಚಿತ್ರ ಈ ಕ್ರಮದಲ್ಲಿ ನೋಡಿ: ‘ಪ್ಲೇಫುಲ್ ಪ್ಲೂಟೊ’ (1934), ‘ದ ಸ್ಲೀಪ್‌ವಾಕರ್’ (1942), ‘ಕೆನೈನ್ ಕ್ಯಾಸನೋವಾ’ (1945). ಮೊದಲನೆಯದರಲ್ಲಿ ಯೋಚಿಸುವ ನಾಯಿ ಹುಟ್ಟುತ್ತಾನೆ, ಎರಡನೆಯದರಲ್ಲಿ ಪಶ್ಚಾತ್ತಾಪ ಕಲಿಯುತ್ತಾನೆ, ಮೂರನೆಯದರಲ್ಲಿ ಪ್ರೀತಿಗೆ ಬೀಳುತ್ತಾನೆ. ಸಮಯವಿದ್ದರೆ ‘ಪ್ಲೂಟೋಸ್ ಹಾರ್ಟ್ ಥ್ರಾಬ್’ ಸೇರಿಸಿಕೊಳ್ಳಿ. ಅದರಲ್ಲಿ ಬುಚ್ ಎಂಬ ಬುಲ್‌ಡಾಗ್ ಡೈನಾಳಿಗಾಗಿ ಪೈಪೋಟಿಗೆ ಇಳಿಯುತ್ತಾನೆ.

## ಯುದ್ಧದ ಬಗ್ಗೆ

ಯುದ್ಧ ನಡೀತಿರುವಾಗ ಇಂಥ ಹಗುರವಾದ ಚಿತ್ರ ಮಾಡೋಕೆ ಅವರಿಗೆ ಪುರಸೊತ್ತು ಎಲ್ಲಿಂದ ಬಂತು?

ಪುರಸೊತ್ತು ಕಡಿಮೆಯೇ ಇತ್ತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಕೂಡಲೇ ಅಮೆರಿಕದ ಸೇನೆ ಬರ್ಬ್ಯಾಂಕ್‌ನ ಡಿಸ್ನಿ ಸ್ಟುಡಿಯೊಗೆ ಬಂದು ಬೀಡುಬಿಟ್ಟಿತು, ಸುಮಾರು ಎಂಟು ತಿಂಗಳು ಅಲ್ಲೇ ಇತ್ತು. ಹತ್ತಿರದ ಲಾಕ್‌ಹೀಡ್ ವಿಮಾನ ಕಾರ್ಖಾನೆಯನ್ನು ವೈಮಾನಿಕ ದಾಳಿಯಿಂದ ಕಾಯುವ ಪಡೆ ಅದು. ಮರುದಿನವೇ ನೌಕಾಪಡೆ ತರಬೇತಿ ಚಿತ್ರಗಳಿಗೆ ಬೇಡಿಕೆ ಇಟ್ಟಿತು. ಯುದ್ಧದ ಒತ್ತಡ ತುತ್ತತುದಿಯಲ್ಲಿದ್ದಾಗ ಸ್ಟುಡಿಯೊದ ಕೆಲಸದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಸರ್ಕಾರಕ್ಕಾಗಿ ನಡೆಯುತ್ತಿತ್ತು. ಸೇನಾ ತುಕಡಿಗಳಿಗೆ 1,200ರಷ್ಟು ಲಾಂಛನಗಳನ್ನೂ ಬರೆದುಕೊಟ್ಟರು.

ಹಾಗಿದ್ದೂ ಕಿರುಚಿತ್ರ ನಿಲ್ಲಿಸಲಿಲ್ಲ. ‘ಬ್ಯಾಂಬಿ’ (1942) ಆದ ಮೇಲೆ ‘ಸಿಂಡ್ರೆಲ್ಲಾ’ (1950) ಬರುವವರೆಗೆ ಆದಿಯಿಂದ ಅಂತ್ಯದವರೆಗೆ ಒಂದೇ ಕಥೆಯ ಪೂರ್ಣ ಅನಿಮೇಷನ್ ಚಿತ್ರ ಈ ಸ್ಟುಡಿಯೊದಿಂದ ಬರಲೇ ಇಲ್ಲ. ಯುರೋಪಿನ ಮಾರುಕಟ್ಟೆ ಮುಚ್ಚಿತ್ತು. ಡೊನಾಲ್ಡ್, ಗೂಫಿ, ಪ್ಲೂಟೊ ಇವರ ಏಳೆಂಟು ನಿಮಿಷದ ಚಿತ್ರಗಳೇ ಸ್ಟುಡಿಯೊದ ಹೆಸರನ್ನು ಚಿತ್ರಮಂದಿರಗಳಲ್ಲಿ ಉಳಿಸಿದವು.

ಈ ಚಿತ್ರದಲ್ಲಿ ಸೈನ್ಯದ ಸುಳಿವೇ ಇಲ್ಲ. ಪ್ಲೂಟೊ ಯುದ್ಧಕ್ಕೆ ಹೋಗಲೇ ಇಲ್ವಾ?

ಹೋಗಿದ್ದಾನೆ. ‘ದ ಆರ್ಮಿ ಮ್ಯಾಸ್ಕಾಟ್’ (1942)ನಲ್ಲಿ ಸೇನಾ ಶಿಬಿರದ ಊಟದ ಆಸೆಗೆ ಒಳನುಗ್ಗುತ್ತಾನೆ. ‘ಪ್ರೈವೇಟ್ ಪ್ಲೂಟೊ’ (1943)ದಲ್ಲಿ ಫಿರಂಗಿ ಕಾಯುತ್ತಾನೆ. ಮುಂದೆ ಚಿಪ್ ಮತ್ತು ಡೇಲ್ ಎಂದು ಹೆಸರಾದ ಅಳಿಲುಜೋಡಿ ಮೊದಲು ಕಾಣಿಸಿದ್ದು ಅದರಲ್ಲೇ. ‘ಡಾಗ್ ವಾಚ್’ (1945) ನೌಕಾಪಡೆಯದು, ‘ಕೆನೈನ್ ಪಟ್ರೋಲ್’ (1945) ಕರಾವಳಿ ಕಾವಲಿನದು. ‘ಔಟ್ ಆಫ್ ದ ಫ್ರೈಯಿಂಗ್ ಪ್ಯಾನ್ ಇಂಟು ದ ಫೈರಿಂಗ್ ಲೈನ್’ (1942) ನೇರ ಪ್ರಚಾರ ಚಿತ್ರ. ಅಡುಗೆಮನೆಯ ಕೊಬ್ಬನ್ನು ಚೆಲ್ಲಬೇಡಿ, ಅದರಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸ್ಫೋಟಕ ಎಂದು ಅದು ಮಿನ್ನಿಗೂ ಪ್ಲೂಟೊಗೂ ವಿವರಿಸುತ್ತದೆ.

ಇದಕ್ಕೆ ಹಿನ್ನೆಲೆಯೂ ನಿಜದ್ದು. 1942ರಲ್ಲಿ ‘ಡಾಗ್ಸ್ ಫಾರ್ ಡಿಫೆನ್ಸ್’ ಯೋಜನೆಯಡಿ ಅಮೆರಿಕದ ಮನೆಗಳವರು ತಮ್ಮ ಸಾಕುನಾಯಿಗಳನ್ನೇ ಸೇನೆಗೆ ಕೊಟ್ಟರು. ಮನೆಯ ನಾಯಿ ಕಾವಲಿಗೆ ಹೋದ ಕುಟುಂಬ 1945ರ ಜುಲೈಯಲ್ಲಿ ತೆರೆಯ ಮೇಲೆ ಬರೀ ಪ್ರೀತಿಯ ಚಿಂತೆ ಹಚ್ಚಿಕೊಂಡ ನಾಯಿಯನ್ನು ನೋಡಿದಾಗ ಆ ಹಗುರತನಕ್ಕೆ ಬೆಲೆ ಇತ್ತು.

## ತಯಾರಿಕೆಯ ಬಗ್ಗೆ

7 ನಿಮಿಷದ ಚಿತ್ರಕ್ಕೆ ಎಷ್ಟು ಚಿತ್ರ ಬಿಡಿಸಬೇಕಾಗುತ್ತೆ?

35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ (ಒಂದೊಂದೂ ಒಂದು ಸ್ಥಿರಚಿತ್ರ) ಓಡುತ್ತದೆ. ನಿಮಿಷಕ್ಕೆ 1,440 ಫ್ರೇಮ್, 7 ನಿಮಿಷಕ್ಕೆ 10,080. ಒಂದು ಅಡಿ ಫಿಲ್ಮಿನಲ್ಲಿ 16 ಫ್ರೇಮ್ ಇರುವುದರಿಂದ ಇದು 630 ಅಡಿ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ (ಇದಕ್ಕೆ ‘ಟೂಸ್’ ಎನ್ನುತ್ತಾರೆ) ಒಂದೇ ಪಾತ್ರಕ್ಕೆ 5,040 ಚಿತ್ರ ಸಾಕು. ಆದರೆ ಓಟದ ದೃಶ್ಯಗಳಲ್ಲಿ ಫ್ರೇಮಿಗೊಂದು ಬೇಕು, ತೆರೆಯ ಮೇಲೆ ಎರಡು ಮೂರು ಪಾತ್ರ ಇದ್ದರೆ ಪ್ರತಿಯೊಂದಕ್ಕೂ ಬೇರೆ ಹಾಳೆ ಬೇಕು. ಬಿಸಾಡಿದ ಕರಡುಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಕಾಗದದಿಂದ ತೆರೆಯವರೆಗೆ ಏನೇನು ಹಂತ?

ಮೊದಲು ಸ್ಟೋರಿಬೋರ್ಡ್, ಅಂದರೆ ಸಣ್ಣ ರೇಖಾಚಿತ್ರಗಳನ್ನು ಹಲಗೆಗೆ ಚುಚ್ಚಿ ಕಥೆ ಕಟ್ಟುವುದು. ನಗು ಬರದ ಚಿತ್ರವನ್ನು ಪಿನ್ ಕಿತ್ತು ತೆಗೆಯುತ್ತಾರೆ. ಆಮೇಲೆ ಲೇಔಟ್. ಕ್ಯಾಮೆರಾ ಎಲ್ಲಿ, ನೆಲದ ಗೆರೆ ಎಲ್ಲಿ, ಪಾತ್ರ ಎಷ್ಟು ದೊಡ್ಡದು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಅನಿಮೇಟರ್ ಮುಖ್ಯ ಭಂಗಿಗಳನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ, ನಡುವಿನವನ್ನು ಇನ್‌ಬಿಟ್ವೀನರ್ ತುಂಬುತ್ತಾರೆ. ಈ ಪೆನ್ಸಿಲ್ ಹಾಳೆಗಳನ್ನೇ ಕಪ್ಪುಬಿಳುಪಿನಲ್ಲಿ ಚಿತ್ರೀಕರಿಸಿ ಚಲನೆ ಪರೀಕ್ಷಿಸುತ್ತಾರೆ. ತಪ್ಪು ಇಲ್ಲಿ ಸಿಕ್ಕರೆ ರಬ್ಬರಿನಿಂದ ಹೋಗುತ್ತದೆ, ಬಣ್ಣ ಹಚ್ಚಿದ ಮೇಲೆ ಸಿಕ್ಕರೆ ದುಬಾರಿ.

ಪಾಸಾದ ಹಾಳೆಯ ಗೆರೆಗಳನ್ನು ಪಾರದರ್ಶಕ ಸೆಲ್ ಹಾಳೆಯ ಮುಂಭಾಗದಲ್ಲಿ ಶಾಯಿಯಿಂದ ತೀಡಿ, ಹಿಂಭಾಗದಲ್ಲಿ ದಟ್ಟ ಬಣ್ಣ ತುಂಬುತ್ತಾರೆ. ಹಿಂದೆ ಹಚ್ಚುವುದರಿಂದ ಕುಂಚದ ಗುರುತು ಮುಂದೆ ಕಾಣದು, ಗೆರೆಯ ಅಂಚೂ ಕೆಡದು. ಡಿಸ್ನಿಯಲ್ಲಿ ಈ ವಿಭಾಗದವರು ಬಹುಪಾಲು ಹೆಂಗಸರು. ಅವರ ಕೈ ಒಂದಿಷ್ಟು ನಡುಗಿದರೂ ತೆರೆಯ ಮೇಲೆ ಪ್ಲೂಟೊನ ಗೆರೆ ಕುದಿಯುವಂತೆ ಕಾಣುತ್ತದೆ.

ಸೆಲ್ ಹಾಳೆ ಒಂದರ ಮೇಲೊಂದು ಬಂದಾಗ ಕೆಳಗಿನದರ ಬಣ್ಣ ತುಸು ಮಂಕಾಗುತ್ತದೆ. ದೃಶ್ಯದ ಮಧ್ಯೆ ಪದರದ ಸಂಖ್ಯೆ ಬದಲಾದರೆ ನಾಯಿಯ ಮೈಬಣ್ಣ ತಟಕ್ಕನೆ ಹಾರಿದಂತಾಗುತ್ತದೆ. ಅದನ್ನು ತಪ್ಪಿಸಲು ಖಾಲಿ ಸೆಲ್ ಇಟ್ಟು ಪದರ ಸರಿದೂಗಿಸುವುದು ಆಗಿನ ರೂಢಿ.

ಆ ಕಾಲದ ಬಣ್ಣ ಈಗಿನದಕ್ಕಿಂತ ಗಾಢವಾಗಿ ಕಾಣುತ್ತಲ್ಲ, ಕಾರಣ ಏನು?

ಟೆಕ್ನಿಕಲರ್ ವಿಧಾನ. ನಟರಿದ್ದ ಚಿತ್ರಗಳಿಗೆ ಮೂರು ಫಿಲ್ಮುಗಳು ಒಟ್ಟಿಗೆ ಓಡುವ ಕ್ಯಾಮೆರಾ ಬೇಕಿತ್ತು. ಕಾರ್ಟೂನಿನಲ್ಲಿ ಚಿತ್ರ ಅಲುಗಾಡದೆ ಇರುತ್ತದಲ್ಲ, ಹಾಗಾಗಿ ಒಂದೇ ಕಪ್ಪುಬಿಳುಪು ಫಿಲ್ಮಿನ ಮೇಲೆ ಪ್ರತಿ ಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್ ಮೂಲಕ ಮೂರು ಸಲ ತೆಗೆಯುತ್ತಿದ್ದರು. ನಮ್ಮ 10,080 ಫ್ರೇಮುಗಳಿಗೆ ನೆಗೆಟಿವ್‌ನಲ್ಲಿ 30,240. ಮುದ್ರಿಸುವಾಗ ಇವನ್ನು ಬೇರ್ಪಡಿಸಿ ಸಯಾನ್, ಮಜೆಂಟಾ, ಹಳದಿ ಬಣ್ಣಗಳನ್ನು ಒಂದರ ಮೇಲೊಂದು ಪ್ರಿಂಟಿಗೆ ಇಳಿಸುತ್ತಿದ್ದರು.

ಮೂರರ ನಡುವೆ ಸೆಲ್ ಕೂದಲೆಳೆ ಸರಿದರೂ ಅಂಚಿನಲ್ಲಿ ಬಣ್ಣದ ನೂಲು ಕಾಣುತ್ತದೆ. ಒಳ್ಳೆಯದೂ ಒಂದಿದೆ: ಮೂರು ದಾಖಲೆಗಳೂ ಒಂದೇ ಫಿಲ್ಮಿನಲ್ಲಿ ಅಕ್ಕಪಕ್ಕ ಇರುವುದರಿಂದ ವಯಸ್ಸಾಗಿ ಫಿಲ್ಮ್ ಕುಗ್ಗಿದರೆ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಮಾಸಲು ಬಣ್ಣವೇ ಇರುವುದಿಲ್ಲ.

ಸಂಗೀತ ಹೆಜ್ಜೆಹೆಜ್ಜೆಗೂ ಹೊಂದುತ್ತಲ್ಲ, ಚಿತ್ರ ಆದಮೇಲೆ ಸಂಗೀತ ಹಾಕ್ತಿದ್ರಾ?

ತಾಳವನ್ನು ಮೊದಲೇ ಕಟ್ಟುತ್ತಿದ್ದರು. ಬಾರ್ ಶೀಟ್ ಎಂಬ ಹಾಳೆಯಲ್ಲಿ ಒಂದೊಂದು ಬೀಟಿಗೆ ಎಷ್ಟು ಫ್ರೇಮ್ ಎಂದು ನಿರ್ದೇಶಕ ಬರೆದಿಡುತ್ತಿದ್ದರು. 12 ಫ್ರೇಮಿಗೆ ಒಂದು ಬೀಟ್ ಎಂದರೆ ನಿಮಿಷಕ್ಕೆ 120 ಬೀಟ್, 10 ಫ್ರೇಮ್ ಆದರೆ 144, 8 ಆದರೆ 180. ಅನಿಮೇಟರ್ ಆ ಲೆಕ್ಕಕ್ಕೇ ಹೆಜ್ಜೆ ಹಾಕಿಸುತ್ತಾರೆ. ವಾದ್ಯಗಾರರು ಕಿವಿಯಲ್ಲಿ ಅದೇ ತಾಳದ ಟಕ್‌ಟಕ್ ಕೇಳುತ್ತ ನುಡಿಸುತ್ತಾರೆ.

ಪ್ಲೂಟೊ ‘ಯೋಚಿಸುತ್ತಾನೆ’ ಅಂತ ಅನಿಮೇಟರ್‌ಗಳು ಹೇಳೋದು ಯಾವ ಅರ್ಥದಲ್ಲಿ?

ಇದಕ್ಕೆ ‘ಪ್ಲೇಫುಲ್ ಪ್ಲೂಟೊ’ದ ನೊಣದ ಅಂಟುಕಾಗದದ ದೃಶ್ಯವನ್ನೇ ನೋಡಬೇಕು. ಕಥೆಯ ಕಲ್ಪನೆ ವೆಬ್ ಸ್ಮಿತ್ ಅವರದು, ಅನಿಮೇಷನ್ ನಾರ್ಮ್ ಫರ್ಗುಸನ್ ಅವರದು. ಕಾಗದ ಮೂಗಿಗೆ ಅಂಟುತ್ತದೆ, ಮೂಗು ಬಿಡಿಸಿದರೆ ಕಾಲಿಗೆ, ಕಾಲು ಬಿಡಿಸಿದರೆ ಇನ್ನೊಂದು ಕಾಲಿಗೆ. ಫರ್ಗುಸನ್ ವಿಧಿವತ್ತಾಗಿ ಚಿತ್ರಕಲೆ ಕಲಿತವರಲ್ಲ, ಅವರ ಕರಡು ಒರಟು. ಆದರೆ ಪ್ರತಿ ಸೋಲಿನ ನಂತರ ಅವರು ನಾಯಿಯನ್ನು ಒಂದು ಕ್ಷಣ ನಿಲ್ಲಿಸಿದರು. ಅವನು ನೋಡುತ್ತಾನೆ, ಅರ್ಥ ಮಾಡಿಕೊಳ್ಳುತ್ತಾನೆ, ತೀರ್ಮಾನಿಸುತ್ತಾನೆ, ಆಮೇಲೆ ಮಾಡುತ್ತಾನೆ. ಅಲ್ಲಿಯವರೆಗೆ ಕಾರ್ಟೂನಿನ ಪ್ರಾಣಿಗಳು ಬಹುಮಟ್ಟಿಗೆ ಒಂದು ಗ್ಯಾಗಿನಿಂದ (ನಗೆಯ ಪ್ರಸಂಗದಿಂದ) ಇನ್ನೊಂದಕ್ಕೆ ಓಡುತ್ತಿದ್ದವು.

‘ಕೆನೈನ್ ಕ್ಯಾಸನೋವಾ’ ನಿಂತಿರುವುದು ಈ ನೆಲದ ಮೇಲೆ. ಡೈನಾ ತಿರಸ್ಕರಿಸಿದ ಕ್ಷಣದಿಂದ ಮುಂದಿನ ಪ್ರಯತ್ನದವರೆಗಿನ ಆ ಸಣ್ಣ ಬಿಡುವುಗಳನ್ನೇ ಗಮನಿಸಿ ನೋಡಿ. ಪ್ರೀತಿ ನಂಬುವಂತಿರುವುದು ಅಲ್ಲಿ.

ಅದೇ ಕಾಲದ ಟೆಕ್ಸ್ ಏವರಿಯ ತೋಳ ಇದಕ್ಕಿಂತ ತಮಾಷೆ ಅಲ್ವಾ?

ಬೇರೆ ದಾರಿಯ ತಮಾಷೆ. 1943ರಲ್ಲಿ ಎಂಜಿಎಂ ಸ್ಟುಡಿಯೊಗಾಗಿ ನಿರ್ದೇಶಕ ಏವರಿ ಮಾಡಿದ ‘ರೆಡ್ ಹಾಟ್ ರೈಡಿಂಗ್ ಹುಡ್’ನ ತೋಳ ಹಾಡುಗಾತಿಯನ್ನು ಕಂಡು ಮೈಯೆಲ್ಲ ಚಿಮ್ಮಿಸುತ್ತದೆ, ಕುರ್ಚಿ ಎತ್ತಿ ಬಡಿಯುತ್ತದೆ. ಅಲ್ಲಿ ಆಸೆಯು ಶರೀರವನ್ನೇ ಒಡೆಯುತ್ತದೆ. ಪ್ಲೂಟೊನಲ್ಲಿ ಶರೀರ ನಾಯಿಯದಾಗಿಯೇ ಉಳಿಯುತ್ತದೆ, ಒಡೆಯುವುದು ಮಾನ ಮಾತ್ರ. ತೋಳ ತಕ್ಷಣ ನಗಿಸುತ್ತದೆ. ಪ್ಲೂಟೊ ನಗಿಸಿ ಅಯ್ಯೋ ಪಾಪ ಅನ್ನಿಸುತ್ತಾನೆ.

ಈ ವಿದ್ಯೆ ಭಾರತಕ್ಕೆ ಬಂದದ್ದು ಹೇಗೆ?

ನೇರವಾದ ಒಂದು ಎಳೆ ಇದೆ. ಭಾರತದಲ್ಲೇ ಹುಟ್ಟಿ ಡಿಸ್ನಿಯಲ್ಲಿ ಅನಿಮೇಟರ್ ಆಗಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯಲ್ಲಿದ್ದ ಸರ್ಕಾರದ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಜನ್‌ಗೆ ಬಂದು ಅಲ್ಲಿನ ಕಲಾವಿದರಿಗೆ ತರಬೇತಿ ಕೊಟ್ಟರು. ಅವರ ಬಳಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು, ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರಾದವರು.

## ಪ್ರತಿ ಹುಡುಕುವವರಿಗೆ, ಚಿತ್ರ ಬಿಡಿಸುವವರಿಗೆ

ಒಳ್ಳೆ ಪ್ರತಿ ಅಂತ ಹೇಗೆ ಗುರುತಿಸೋದು?

2004ರ ‘ದ ಕಂಪ್ಲೀಟ್ ಪ್ಲೂಟೊ, ವಾಲ್ಯೂಮ್ ಒನ್’ ಡಿವಿಡಿ 1930ರಿಂದ 1947ರವರೆಗಿನ ಚಿತ್ರಗಳ ಸಂಗ್ರಹ. ಡಿವಿಡಿಗಳಿಗೆ ಪ್ರದೇಶಕ್ಕೊಂದು ರೀಜನ್ ಸಂಖ್ಯೆ ಇರುತ್ತದೆ: ಅಮೆರಿಕದ ಡಿಸ್ಕ್ ರೀಜನ್ 1ರದು, ಭಾರತದ ಪ್ಲೇಯರ್‌ಗಳು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದೆ ಕೊಂಡರೆ ಡಿಸ್ಕ್ ಓಡುವುದಿಲ್ಲ.

ಯಾವ ಪ್ರತಿಯಾದರೂ ಮೊದಲು ಚೌಕಟ್ಟು ನೋಡಿ. ಮೂಲದ ಅಳತೆ 1.37:1, ಹೆಚ್ಚು ಕಡಿಮೆ ಹಳೆಯ ಟಿವಿಯ ಆಕಾರ. ಈಗಿನ 16:9 ಪರದೆ ತುಂಬಿಸಲು ಕತ್ತರಿಸಿದ್ದರೆ ಎತ್ತರದಲ್ಲಿ ಶೇ. 23ರಷ್ಟು ಹೋಗಿರುತ್ತದೆ. ಡೈನಾಳ ಕಾಲು, ಪ್ಲೂಟೊನ ನೆತ್ತಿ ಕಾಣದಿದ್ದರೆ ಅದು ಕತ್ತರಿಸಿದ ಪ್ರತಿ. ಎಳೆದು ಅಗಲ ಮಾಡಿದ್ದರೆ ವೃತ್ತಗಳೆಲ್ಲ ಮೊಟ್ಟೆಯಾಕಾರ ತಾಳಿರುತ್ತವೆ. ಎಡಬಲದಲ್ಲಿ ಕಪ್ಪು ಪಟ್ಟಿ ಇರುವುದೇ ಸರಿಯಾದ ಪ್ರತಿ.

ಹಳೇ ಚಿತ್ರ ತಾನೆ, ನನ್ನ ವಿಡಿಯೊದಲ್ಲಿ ಪೂರ್ತಿ ಹಾಕಬಹುದಾ?

ಬೇಡ. ಅಮೆರಿಕದಲ್ಲಿ 1945ರ ಚಿತ್ರಗಳ ಹಕ್ಕು 95 ವರ್ಷ, 2040ರ ಕೊನೆಯವರೆಗೆ.

ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದರೆ ಎರಡು ಪ್ಲೂಟೊ ಒಂದರ ಮೇಲೊಂದು ಕಾಣ್ತಾರೆ. ಪ್ರತಿ ಕೆಟ್ಟಿದೆಯಾ?

ಕೆಟ್ಟಿಲ್ಲ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ವಿಡಿಯೊ ಸೆಕೆಂಡಿಗೆ ಸುಮಾರು 30 ಫ್ರೇಮ್. 24ನ್ನು 30ಕ್ಕೆ ಹಿಗ್ಗಿಸುವಾಗ ಪ್ರತಿ ಐದು ಫ್ರೇಮಿನಲ್ಲಿ ಎರಡು, ಅಕ್ಕಪಕ್ಕದ ಚಿತ್ರಗಳ ಗೆರೆ ಬೆರೆತು ಹುಟ್ಟುತ್ತವೆ. ಅಭ್ಯಾಸಕ್ಕಾಗಿ ಫ್ರೇಮ್ ಎಣಿಸುವವರು ಇದನ್ನು ಹಿಮ್ಮುಖ ಮಾಡಿ (‘ಇನ್ವರ್ಸ್ ಟೆಲಿಸಿನಿ’ ಎಂಬ ಆಯ್ಕೆ ವಿಡಿಯೊ ತಂತ್ರಾಂಶಗಳಲ್ಲಿದೆ) 24ಕ್ಕೆ ತಂದುಕೊಳ್ಳಬೇಕು. ಪ್ಯಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಪ್ರತಿಯಲ್ಲಿ ಈ ಬೆರಕೆ ಸಾಮಾನ್ಯವಾಗಿ ಇರುವುದಿಲ್ಲ, ಆದರೆ 25ರ ವೇಗದಲ್ಲಿ ಓಡುವುದರಿಂದ ಚಿತ್ರ ಶೇ. 4ರಷ್ಟು ಬೇಗ ಮುಗಿಯುತ್ತದೆ, ಸಂಗೀತದ ಶ್ರುತಿಯೂ ಏರಬಹುದು.

ನಾಯಿ ಹುಡುಗಿಯನ್ನು ಕಂಡು ಬೆಚ್ಚಿಬೀಳೋ ದೃಶ್ಯ ಮಾಡ್ತಿದ್ದೀನಿ, ನಗು ಬರ್ತಿಲ್ಲ. ಯಾಕೆ?

ಸಾಮಾನ್ಯವಾಗಿ ನಿಲುಗಡೆ ಸಾಲದೆ. ಹೀಗೆ ಬೆಚ್ಚಿಬೀಳುವುದನ್ನು ಅನಿಮೇಟರ್‌ಗಳು ‘ಟೇಕ್’ ಎನ್ನುತ್ತಾರೆ. 24ರ ಲೆಕ್ಕದಲ್ಲಿ ಹೀಗೆ ಹಂಚಿ ನೋಡಿ: ಅವಳು ಹಾದುಹೋದ ಮೇಲೂ ಅವನು ಮೊದಲಿನ ಭಂಗಿಯಲ್ಲೇ 8ರಿಂದ 12 ಫ್ರೇಮ್ ಇರಲಿ, ಕಣ್ಣಿಗೆ ಕಂಡದ್ದು ತಲೆಗೆ ಇಳಿಯಲು ಅಷ್ಟು ಬೇಕು. ಆಮೇಲೆ 4 ಫ್ರೇಮಿನಲ್ಲಿ ಕುಗ್ಗಿ, 3 ಫ್ರೇಮಿನಲ್ಲಿ ಮೇಲಕ್ಕೆ ಚಿಮ್ಮಿ, 6ರಲ್ಲಿ ತಣಿಯಲಿ. ತಣಿದ ಭಂಗಿಯನ್ನು 16ರಿಂದ 24 ಫ್ರೇಮ್ ಹಿಡಿಯಿರಿ. ಕಿವಿ, ಬಾಲ, ತುಟಿಯ ಜೋಲು ಮೈಗಿಂತ 2–3 ಫ್ರೇಮ್ ತಡವಾಗಿ ಬರಲಿ.

ಹಿಡಿದ ಭಂಗಿ ಪೂರ್ತಿ ನಿಶ್ಚಲವಾದರೆ ಪಾತ್ರ ಸತ್ತಂತೆ ಕಾಣುತ್ತದೆ. ಒಂದೇ ಭಂಗಿಯ ಎರಡು ಚಿತ್ರ ಬರೆದು, ಎರಡನೆಯದನ್ನು ತುಸು ಮುಂದೂಡಿ, ನಡುವೆ ನಿಧಾನ ತೆವಳಿಸಿ. ಕಣ್ಣು ಮೊದಲು ತಿರುಗಬೇಕು, ತಲೆ ಆಮೇಲೆ. ಎರಡೂ ಒಟ್ಟಿಗೆ ತಿರುಗಿದರೆ ಯಾರೋ ಹೊರಗಿನಿಂದ ಅವನನ್ನು ತಿರುಗಿಸಿದಂತೆ ಕಾಣುತ್ತದೆ.

ಪ್ಲೂಟೊ ಮತ್ತು ಡೈನಾ ಜೊತೆಯಾಗಿ ನಡೆಯುವಾಗ ಕಾಲು ಜಾರಿದಂತೆ ಕಾಣ್ತದೆ. ಸರಿ ಮಾಡೋದು ಹೇಗೆ?

ಮೊದಲು ಹೆಜ್ಜೆಯ ಸರದಿ ಸರಿಯಿದೆಯೇ ನೋಡಿ. ನಾಯಿಯ ನಿಧಾನ ನಡಿಗೆಯಲ್ಲಿ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಈ ಸರದಿಯಲ್ಲಿ ನೆಲ ಮುಟ್ಟುತ್ತವೆ. 24 ಫ್ರೇಮಿನ ಚಕ್ರವಾದರೆ (ನಾಲ್ಕೂ ಕಾಲಿನ ಒಂದು ಪೂರ್ತಿ ಸುತ್ತು) 1, 7, 13, 19ನೇ ಫ್ರೇಮುಗಳಲ್ಲಿ. ದುಡುಕು ನಡೆಯಾದರೆ ಮೂಲೆಗಾಲುಗಳು (ಎಡ ಹಿಂಗಾಲು ಬಲ ಮುಂಗಾಲು, ಬಲ ಹಿಂಗಾಲು ಎಡ ಮುಂಗಾಲು) ಜೋಡಿಯಾಗಿ ಬೀಳುತ್ತವೆ, 16 ಫ್ರೇಮಿನ ಚಕ್ರದಲ್ಲಿ 1 ಮತ್ತು 9ಕ್ಕೆ.

ಡೈನಾಳ ಕಾಲು ಗಿಡ್ಡ, ಹೆಜ್ಜೆಯೂ ಗಿಡ್ಡ. ಅವನ ಜೊತೆ ಸಾಗಲು ಅವನ 24ಕ್ಕೆ ಅವಳು 12ರ ಚಕ್ರ ಹಾಕಲಿ. ಅವನ ಒಂದು ಸುತ್ತಿಗೆ ಅವಳದು ಸರಿಯಾಗಿ ಎರಡು, ಸಂಗೀತಕ್ಕೂ ಹೊಂದುತ್ತದೆ.

ಜಾರಿಕೆಗೆ ಕಾರಣ ಹಿನ್ನೆಲೆಯ ವೇಗ. ಪಾತ್ರ ನಿಂತಲ್ಲೇ ನಡೆದು ಹಿನ್ನೆಲೆ ಸರಿಯುವ ದೃಶ್ಯದಲ್ಲಿ, ನೆಲಕ್ಕೂರಿದ ಪಾದ ಪ್ರತಿ ಫ್ರೇಮಿಗೆ ಎಷ್ಟು ಹಿಂದೆ ಹೋಗುತ್ತದೋ ಹಿನ್ನೆಲೆಯೂ ಅಷ್ಟೇ ಸರಿಯಬೇಕು. ಪಾದ 14 ಫ್ರೇಮಿನಲ್ಲಿ 7 ಸೆಂ.ಮೀ. ಹಿಂದೆ ಹೋದರೆ ಹಿನ್ನೆಲೆಯ ಸರಿತ ಫ್ರೇಮಿಗೆ 0.5 ಸೆಂ.ಮೀ. ಇಬ್ಬರ ಪಾದಕ್ಕೂ ಇದೇ ಅಳತೆ ಅನ್ವಯಿಸಬೇಕು, ಡೈನಾಳ ಪಾದ ಫ್ರೇಮಿಗೆ ಹಿಂದೆ ಹೋಗುವ ಅಂತರ ಬೇರೆಯಾದರೆ ಒಬ್ಬರು ಜಾರಿಯೇ ಜಾರುತ್ತಾರೆ.

ಅಳತೆ ಸರಿಯಿದ್ದೂ ನಡುಕ ಕಂಡರೆ, ಹಿನ್ನೆಲೆ ಪ್ರತಿ ಫ್ರೇಮಿಗೆ ಸರಿಯುತ್ತಿದ್ದು ಪಾತ್ರ ಮಾತ್ರ ಟೂಸ್‌ನಲ್ಲಿದೆಯೇ ಪರೀಕ್ಷಿಸಿ. ಹಾಗಿದ್ದಾಗ ಪಾದ ಒಂದು ಫ್ರೇಮ್ ನೆಲದೊಂದಿಗೆ ಹೋಗಿ ಮರು ಫ್ರೇಮಿನಲ್ಲಿ ಹಿಂದೆ ಬೀಳುತ್ತದೆ. ಹಿನ್ನೆಲೆ ಸರಿಯುವ ದೃಶ್ಯಗಳನ್ನು ಫ್ರೇಮಿಗೊಂದು ಚಿತ್ರದಂತೆ ಬರೆಯುವುದೇ ಇದಕ್ಕೆ ದಾರಿ.